ಗುರುವಪ್ಪ ಕೋಟ್ಯಾನ್ ಚೌಕದ ಸಂಬಂಧಿಕರು

ಹೆತ್ತ ಅಪ್ಪನನ್ನು ಪತ್ರಿಕೆಯಲ್ಲಿ ‘ಎಂಬವರು’ ಎಂದು ಬರೆದರೆ ಅದು ಪಾಪವೋ, ಬರೇ ಪತ್ರಿಕಾಧರ್ಮವೋ ಎಂದು ರಮಿತಾ ತನ್ನ ಡೈರಿಯನ್ನು ಕೇಳಿದಳು. ಡೈರಿ ಎಂದಿನಂತೆ ಉತ್ತರ ಕೊಡಲಿಲ್ಲ. ಅವಳಿಗೆ ಡೈರಿ ಇಷ್ಟವಾಗಲು ಅದೇ ಕಾರಣ. ಮಹಾರಾಷ್ಟ್ರದ ಈ ಡೊಂಬಿವಲಿಯಲ್ಲಿ ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಡದೆ ಸುಮ್ಮನಿರುವವರು ಬಹಳ ಮಂದಿಯಿಲ್ಲ.

ಬಿ.ಎ. ಮುಗಿಸಿ ಮನೆಯಲ್ಲಿದ್ದ ರಮಿತಾ, ಊರಿನ ಕನ್ನಡಿಗರ ಸಂಘವೊಂದು ಹೊರಡಿಸುತ್ತಿದ್ದ ನಾಲ್ಕು ಪುಟದ ಮಾಸಪತ್ರಿಕೆಗೆ ‘ವಾರ್ಡ್ ವಾರ್ತೆ’ ಬರೆಯುತ್ತಿದ್ದಳು. ಯಾವ ದಿನ ನಳದಲ್ಲಿ ನೀರಿಲ್ಲ, ಯಾವ ರಸ್ತೆ ಅಗೆದಿದ್ದಾರೆ, ಅಗೆದ ರಸ್ತೆಯನ್ನು ಮುಚ್ಚಿದ್ದಕ್ಕೆ ಯಾರು ರಿಬ್ಬನ್ ಕತ್ತರಿಸಿದರು, ಪೋಲಿಯೋ ಹನಿ ಎಲ್ಲಿ ಹಾಕುತ್ತಾರೆ, ಇಷ್ಟೇ. ಕೆಳಗೆ ಹೆಸರು ಹಾಕಬೇಡಿ ಎಂದು ಅವಳೇ ಕೇಳಿಕೊಂಡಿದ್ದಳು. ಬಾಯಿ ಬಿಡದೆ ಊರಿಗೆಲ್ಲ ಸುದ್ದಿ ಹೇಳುವ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು.

ಈ ತಿಂಗಳ ಮುಖ್ಯ ವಾರ್ತೆ ಹೀಗಿತ್ತು: ‘ನಮ್ಮ ವಾರ್ಡಿನ ಹಳೆಯ ಕ್ಯಾಂಟೀನ್ ಮೂಲೆಗೆ ದಿವಂಗತ ಗುರುವಪ್ಪ ಕೋಟ್ಯಾನ್ ಚೌಕ ಎಂಬ ಹೆಸರು ಬರಲಿದೆ. ಇದಕ್ಕಾಗಿ ತಾರಾನಾಥ ಸಾಲ್ಯಾನ್ ಎಂಬವರು ಮನವಿ ಸಲ್ಲಿಸಿದ್ದರು.’ ತಾರಾನಾಥ ಅವಳ ಅಪ್ಪ. ಗುರುವಪ್ಪ, ತಾರಾನಾಥರ ಅಪ್ಪ. ಒಂದೊಂದೇ ಪದ ಹಿಡಿದು ನೋಡಿದರೆ ಈ ವಾರ್ತೆಯಲ್ಲಿ ಸುಳ್ಳಿರಲಿಲ್ಲ. ಒಟ್ಟಿಗೆ ಓದಿದರೆ ನಿಜವಿರಲಿಲ್ಲ. ದೊಡ್ಡ ಪತ್ರಿಕೆಗಳವರು ಎಷ್ಟೋ ವರ್ಷ ಪಳಗಿ ಸಾಧಿಸುವುದನ್ನು ರಮಿತಾ ಮನೆಯಲ್ಲಿ ಕೂತು ಸಾಧಿಸಿಬಿಟ್ಟಿದ್ದಳು.

ಆದದ್ದಿಷ್ಟು. ತಾರಾನಾಥರು ತುರ್ಭೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮ್ಯಾನೇಜರು. ದಿನಾ ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ, ಎರಡು ಗಾಡಿಗಳಲ್ಲೂ ಹಿಂಡಿಸಿಕೊಂಡು, ಡೊಂಬಿವಲಿಯಲ್ಲಿ ಇಳಿದು ರಿಕ್ಷಾದ ಸಾಲಿನಲ್ಲಿ ನಿಲ್ಲುವ ಮನುಷ್ಯ. ಹೀಗೆ ನಿಂತವನಿಗೆ ಓದಲು ಬೋರ್ಡುಗಳಲ್ಲದೆ ಬೇರೇನು ಸಿಗುತ್ತದೆ? ಈ ಊರಿನಲ್ಲಿ ಎರಡು ಗಲ್ಲಿಗಳು ಒಂದನ್ನೊಂದು ಮುಟ್ಟಿದರೆ ಸಾಕು, ಅದು ಚೌಕ, ಅದಕ್ಕೊಂದು ಹೆಸರು, ಹೆಸರಿಗೊಂದು ಬೋರ್ಡು. ಗೋಡೆಗೆ ತಾಗಿ ನಿಂತುಹೋಗುವ ಒಂದೇ ಗಲ್ಲಿಗೂ ಚೌಕದ ಪದವಿ ಸಿಕ್ಕಿದ್ದುಂಟು. ಒಂದು ದಿನ ತಾರಾನಾಥರಿಗೆ, ಎಲ್ಲರ ಅಪ್ಪಂದಿರೂ ಮೂಲೆ ಮೂಲೆಗಳಲ್ಲಿ ನಿಂತಿರುವಾಗ ತನ್ನ ಅಪ್ಪ ಮಾತ್ರ ಗೋಡೆಯ ಫೋಟೋದೊಳಗೆ ಯಾಕೆ ಕೂತಿರಬೇಕು ಅನ್ನಿಸಿತು.

ಅನ್ನಿಸಿದ್ದರಲ್ಲಿ ನ್ಯಾಯವಿತ್ತು. ಈಗ ಮೊಬೈಲ್ ಅಂಗಡಿ ಇರುವ ಆ ಮೂಲೆಯಲ್ಲಿ ಗುರುವಪ್ಪನವರು ಬಾಳಿನ ಅರ್ಧ ಭಾಗ ಚಾ ಕಾಸಿದ್ದರು. ಬೀಗದ ಕೈಗಳನ್ನು ಜನ ಅವರಲ್ಲಿ ಕೊಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಊರಿಂದ ಬಂದ ಟೆಲಿಗ್ರಾಮು ಮೊದಲು ಅವರ ಗಲ್ಲಾಪೆಟ್ಟಿಗೆಯ ಮೇಜಿಗೆ ಬರುತ್ತಿತ್ತು. ನೀರು ಯಾವಾಗ ಬಿಡುತ್ತಾರೆಂಬುದು ಪಾಲಿಕೆಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು ಎಂದು ಹೇಳುವವರಿದ್ದರು. ಕ್ಯಾಂಟೀನು ಹೋಗಿ, ಹಿಂದಿನ ವಠಾರದಂಥ ಚಾಳು ಕೆಡವಿ, ಅಲ್ಲಿ ಫ್ಲ್ಯಾಟುಗಳ ಸೊಸೈಟಿ ಎದ್ದು, ಗಿರ್‌ಗಾಂವ್ ದಾದರ್‌ಗಳಿಂದ ಹೊಸ ಜನ ಬಂದು ತುಂಬಿದ್ದರು. ಅವರಿಗೆ ಗುರುವಪ್ಪನವರ ಪರಿಚಯ ಇದ್ದದ್ದು ತಾರಾನಾಥರ ಹಾಲ್‌ನಲ್ಲಿ ಮಾಲೆ ಹಾಕಿಸಿಕೊಂಡ ಫೋಟೋ ಮೂಲಕ ಮಾತ್ರ.

ಒಂದು ಭಾನುವಾರ ತಾರಾನಾಥರು ಮಗಳನ್ನು ಕರೆದುಕೊಂಡು ವಾರ್ಡಿನ ಪಾಲಿಕೆ ಸದಸ್ಯ, ಅಂದರೆ ನಗರಸೇವಕ, ಯಶ್ವಂತ ಭಾವೂ ಅವರ ಆಫೀಸಿಗೆ ಹೋದರು. ಮಗಳು ಯಾಕೆಂದರೆ ಮರಾಠಿಯಲ್ಲಿ ಅರ್ಜಿ ಬರೆದವಳು ಅವಳು. ತಾರಾನಾಥರ ಮರಾಠಿ ರೈಲಿಗೆ, ರೇಷನ್ನಿಗೆ, ತರಕಾರಿಯವನ ಜೊತೆ ಜಗಳಕ್ಕೆ ಧಾರಾಳವಾಗಿ ಸಾಕಾಗುತ್ತಿತ್ತು. ಅದಕ್ಕಿಂತ ಮೇಲೆ ಏರುತ್ತಿರಲಿಲ್ಲ.

ಯಶ್ವಂತ ಭಾವೂಗೆ ಆಗ ಚೌಕಗಳ ವಿಷಯದಲ್ಲಿ ಮನಸ್ಸು ನೊಂದಿತ್ತು. ಹಿಂದಿನ ವರ್ಷ ಒಂದು ಗಲ್ಲಿಗೆ ತಮ್ಮ ಅತ್ತೆಯ ಹೆಸರಿಟ್ಟು ಊರೆಲ್ಲ ನಗೆಪಾಟಲಾಗಿದ್ದರು. ಅಂದಿನಿಂದ ಅವರೊಂದು ಶಪಥ ಮಾಡಿದ್ದರು: ತಮ್ಮ ವಾರ್ಡಿನಲ್ಲಿ ಯಾರೂ ತಮ್ಮ ನೆಂಟರ ಹೆಸರನ್ನು ತರಕೂಡದು. ತಂದರೆ ಅರ್ಜಿ ವಾಪಸು, ಬೋರ್ಡು ನಿಂತಿದ್ದರೆ ಬೋರ್ಡೂ ವಾಪಸು. ಒಳಗೆ ಕಾಲಿಟ್ಟವರಿಗೆಲ್ಲ ಅವರು ಇದನ್ನು ಮೊದಲೇ ಹೇಳುತ್ತಿದ್ದರು. ತಾರಾನಾಥರಿಗೂ ಹೇಳಿದರು. ತಾರಾನಾಥರ ಮುಖ ಇಳಿಯಿತು. ಎದ್ದು ಬರಬೇಕು ಅನ್ನುವಷ್ಟರಲ್ಲಿ ಭಾವೂ ಅರ್ಜಿಯತ್ತ ಕಣ್ಣು ಹಾಯಿಸಿದರು, ತಲೆ ಎತ್ತಿದರು, ಮತ್ತೆ ಅರ್ಜಿ ನೋಡಿದರು.

“ಇವರು ಕೋಟ್ಯಾನ್. ನೀವು ಸಾಲ್ಯಾನ್?”

“ಹೌದು,” ಎಂದರು ತಾರಾನಾಥರು. ಅದು ನಿಜವೇ.

ಭಾವೂ ಕುರ್ಚಿಯಿಂದ ಎದ್ದು ಬಂದು ತಾರಾನಾಥರ ಎರಡೂ ಕೈ ಹಿಡಿದುಕೊಂಡರು. ಯಾವ ಸಂಬಂಧವೂ ಇಲ್ಲದ ಒಬ್ಬ ಬಡ ಚಾದವನಿಗಾಗಿ ಇನ್ನೊಬ್ಬ ಸಾಮಾನ್ಯ ನಾಗರಿಕ ಭಾನುವಾರದ ನಿದ್ದೆ ಬಿಟ್ಟು ಬರುವುದನ್ನು ತಮ್ಮ ರಾಜಕೀಯ ಜೀವನದಲ್ಲಿ ನೋಡಿಲ್ಲ ಎಂದರು. ಎರಡು ಕಟಿಂಗ್ ಚಾ ತರಿಸಿದರು.

ತಾರಾನಾಥರು ಬಾಯಿ ತೆರೆದರು. ಹೇಳಬೇಕಾದ್ದು ಇಷ್ಟಿತ್ತು: ನಮ್ಮ ಕರಾವಳಿಯ ಕಡೆ ನಮ್ಮವರಲ್ಲಿ ಮಕ್ಕಳಿಗೆ ಬರುವುದು ತಾಯಿಯ ಕಡೆಯ ಕುಲನಾಮ. ನಮ್ಮಪ್ಪನ ತಾಯಿ ಕೋಟ್ಯಾನ್, ಹಾಗಾಗಿ ಅಪ್ಪ ಕೋಟ್ಯಾನ್. ನನ್ನ ತಾಯಿ ಸಾಲ್ಯಾನ್, ಹಾಗಾಗಿ ನಾನು ಸಾಲ್ಯಾನ್. ಹೆಂಡತಿಯ ಕುಲನಾಮ ಸುವರ್ಣ. ಮಗಳೂ ಸುವರ್ಣ ಆಗಬೇಕಿತ್ತು, ಆದರೆ ಮಹಾರಾಷ್ಟ್ರದ ಶಾಲೆಯ ಟೀಚರು ಅಪ್ಪನ ಅಡ್ಡಹೆಸರಿಲ್ಲದ ಮಗುವನ್ನು ನೋಡಿ ಗಾಬರಿಯಾದದ್ದರಿಂದ ಅವಳೂ ಸಾಲ್ಯಾನ್ ಆಗಿದ್ದಾಳೆ. ಇಷ್ಟನ್ನು ರೇಷನ್ನಿನ ಮರಾಠಿಯಲ್ಲಿ ಹೇಳಲಾಗುವುದಿಲ್ಲ. ತಾರಾನಾಥರು ಮಗಳ ಮುಖ ನೋಡಿದರು. ರಮಿತಾಳಿಗೆ ಹೇಳುವಷ್ಟು ಮರಾಠಿ ಇತ್ತು. ಆದರೆ ಭಾವೂ, ಅವರ ಪಿಎ, ಬಾಗಿಲಲ್ಲಿ ನಿಂತ ನಾಲ್ಕಾರು ಕಾರ್ಯಕರ್ತರು ಎಲ್ಲರೂ ತನ್ನ ಕಡೆ ತಿರುಗಿದಾಗ ಅವಳ ಗಂಟಲು ಬೇಸಿಗೆಯ ನಳದಂತೆ ಬರೇ ಗಾಳಿ ಬಿಟ್ಟಿತು. ಅವಳು ಚಾ ಕುಡಿದಳು. ಅಪ್ಪನೂ ಕುಡಿದರು.

ಒಳಗೆ ಹೋಗುವಾಗ ತಾರಾನಾಥರಿಗೆ ಅಪ್ಪ ಇದ್ದರು, ಚೌಕ ಇರಲಿಲ್ಲ. ಹೊರಗೆ ಬರುವಾಗ ಚೌಕ ಇತ್ತು.

ದಾರಿಯಲ್ಲಿ ತಾರಾನಾಥರು ತಮಗೆ ತಾವೇ ಎಂಬಂತೆ ಹೇಳಿಕೊಂಡರು. “ನಾವು ಸುಳ್ಳು ಹೇಳಿದ್ದು ಅಲ್ಲ ಅಲ್ವಾ ಮಗಾ. ಅವರು ಕೇಳಿದ್ದೇ ಇಲ್ಲ.” ರಮಿತಾ ಹೂಂ ಅಂದಳು. ಅವಳ ಮಾತಿನ ಭಂಡಾರದಲ್ಲಿ ಅತಿ ಹೆಚ್ಚು ಸವೆದ ಪದ ಅದು.

ವಾರದೊಳಗೆ ರಸ್ತೆಯಲ್ಲಿ ಫ್ಲೆಕ್ಸ್ ಎದ್ದಿತು. ಯಶ್ವಂತ ಭಾವೂ ಕೈಮುಗಿದು ದೊಡ್ಡದಾಗಿ, ಅವರ ಮೇಲಿನ ನಾಯಕರು ಇನ್ನೂ ದೊಡ್ಡದಾಗಿ, ಕೆಳಗೆ ಒಂದು ಅಂಗಿಗುಂಡಿಯಷ್ಟು ವೃತ್ತದಲ್ಲಿ ತಾರಾನಾಥರು. ‘ರಕ್ತಸಂಬಂಧಕ್ಕಿಂತ ಮಿಗಿಲು ಮಾನವ ಸಂಬಂಧ’ ಎಂದು ಮರಾಠಿಯಲ್ಲಿ ಬರೆದಿತ್ತು. ನಿಜ ತಿಳಿದವರು ಊರಿನಲ್ಲಿ ಇರಲೇ ಇಲ್ಲವೆಂದಲ್ಲ. ಹಳೆಯ ರಿಕ್ಷಾದವರು ಕೆಲವರು ಫ್ಲೆಕ್ಸಿನ ಕೆಳಗೆ ಗಾಡಿ ನಿಲ್ಲಿಸಿ ತಲೆ ಕೆರೆದುಕೊಂಡರು. ಆದರೆ ಅಷ್ಟು ದೊಡ್ಡ ಅಕ್ಷರದ ಎದುರು ನಿಂತಾಗ ಮನುಷ್ಯನಿಗೆ ತನ್ನ ನೆನಪಿನ ಮೇಲೆಯೇ ಗುಮಾನಿ ಬರುತ್ತದೆ.

ಸೊಸೈಟಿಗೆಲ್ಲ ಚಿಕ್ಕಮ್ಮನಂತಿದ್ದ ಎರಡನೇ ಮಹಡಿಯ ಊರ್ಮಿಳಾ ಕಾಕುವಿಗಂತೂ ಗುಮಾನಿಯೇ ಬರಲಿಲ್ಲ, ಕಣ್ಣೀರು ಬಂತು. ಅವರು ಮನೆಗೆ ಬಂದು ಫೋಟೋದ ಎದುರು ಕೈಮುಗಿದರು. ಇಷ್ಟು ವರ್ಷ ಇವರನ್ನು ನಿಮ್ಮ ತಂದೆ ಅಂದುಕೊಂಡಿದ್ದೆನಲ್ಲ ಎಂದು ತಮ್ಮನ್ನೇ ಬೈದುಕೊಂಡರು. ಪರರ ಫೋಟೋಗೆ ದಿನಾ ಹೂ, ಪರರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಎಡೆ ಬಡಿಸುವುದು, ಇಂಥ ಸೊಸೆ ಯಾರಿಗೆ ಸಿಕ್ಕಾಳು ಎಂದು ರಮಿತಾಳ ಅಮ್ಮ ಉಮಾವತಿಯ ಗಲ್ಲ ಸವರಿದರು. ಸೊಸೆ ಅನ್ನಬಾರದಿತ್ತೇನೋ ಎಂದು ಆಮೇಲೆ ಹೊಳೆದು ಕ್ಷಮೆ ಕೇಳಿದರು.

ಕಾಕು ಹೋದ ಮೇಲೆ ಉಮಾವತಿ ಗಂಡನ ಎದುರು ಸೌಟು ಹಿಡಿದು ನಿಂತರು. “ಕೇಳಿದಿರಾ? ನಿಮ್ಮಪ್ಪ ಹಾಸಿಗೆ ಹಿಡಿದಾಗ ನಾನು ಗಂಜಿ ಬೇಯಿಸಿ ಬಾಯಿಗೆ ಇಟ್ಟದ್ದು ಎಂತದು, ಸಮಾಜಸೇವೆಯಾ?”

ತಾರಾನಾಥರು ಬೋರ್ಡು ಏಳುವ ತನಕ ಸ್ವಲ್ಪ ತಡೆದುಕೋ ಎಂದರು. ಆದರೆ ಕಾಕು ತಡೆದುಕೊಳ್ಳುವವರಲ್ಲ. ಅವರಿಗೆ ಒಂದು ಸಂಗತಿ ಕೊರೆಯತೊಡಗಿತ್ತು. ಪರರ ಫೋಟೋ ಇಷ್ಟು ಭಕ್ತಿಯಿಂದ ಇಟ್ಟ ಮನುಷ್ಯನ ಮನೆಯಲ್ಲಿ ಸ್ವಂತ ತಂದೆಯ ಫೋಟೋ ಯಾಕಿಲ್ಲ? ಇದನ್ನವರು ಮೆಟ್ಟಿಲಲ್ಲಿ, ಗೇಟಿನಲ್ಲಿ, ಸೊಸೈಟಿಯ ಮೀಟಿಂಗಿನಲ್ಲಿ ಅಂತಃಕರಣದಿಂದ ಚರ್ಚಿಸಿದರು. ಭಾವೂ ಮುಂದಿನ ವಾರ ನಿಮ್ಮ ಮನೆಗೆ ಚಾಗೆ ಬರುತ್ತಾರಂತೆ, ಅಷ್ಟರೊಳಗೆ ಪಾಪ ಆ ಹಿರಿಯರನ್ನೂ ಗೋಡೆಗೆ ತನ್ನಿ ಎಂದು ತಾರಾನಾಥರಿಗೆ ಬುದ್ಧಿ ಹೇಳಿದರು. ತಾರಾನಾಥರು ಗಡಿಬಿಡಿಯಲ್ಲಿ, ಫೋಟೋ ಊರಿನಲ್ಲುಂಟು, ತರಿಸುತ್ತೇನೆ ಎಂದುಬಿಟ್ಟರು.

ಇಲ್ಲದ ಅಪ್ಪನನ್ನು ಎಲ್ಲಿಂದ ತರಿಸುವುದು? ಟ್ರಂಕಿನ ತಳದಲ್ಲಿ ತಾಯಿಯ ಅಣ್ಣ ಮಾಪಣ್ಣ ಸಾಲ್ಯಾನರ ಒಂದು ಫೋಟೋ ಸಿಕ್ಕಿತು. ಅಡ್ಡಹೆಸರೂ ಹೊಂದುತ್ತಿತ್ತು. ಮಾಪಣ್ಣ ಮಾವ ಇಡೀ ಆಯುಷ್ಯದಲ್ಲಿ ಡೊಂಬಿವಲಿಗೆ ಬಂದದ್ದು ಒಮ್ಮೆ, ಅದೂ ಗುರುವಪ್ಪನವರ ಜೊತೆ ಜಗಳ ಮಾಡಲು. ಚಾ ಕೂಡ ಕುಡಿಯದೆ ಹೋಗಿದ್ದರು. ಈಗ ಅವರು ಮಾಲೆ ಧರಿಸಿ ಟಿವಿಯ ಮೇಲುಗಡೆ ನಡುಮಧ್ಯದಲ್ಲಿ ಪ್ರತಿಷ್ಠಾಪಿತರಾದರು, ಯಾರೋ ತಮ್ಮ ಹತ್ತಿರ ಸಾಲ ಕೇಳಲು ಬಂದಂಥ ಮುಖದಲ್ಲಿ. ಸ್ವಂತ ತಂದೆಗಿಂತ ಎತ್ತರದಲ್ಲಿ ಪರರಿರುವುದು ಸರಿಯಲ್ಲವೆಂದು ಕಾಕು ಹೇಳಿದ್ದರಿಂದ ಗುರುವಪ್ಪನವರು ಒಂದು ಮೊಳ ಕೆಳಗಿಳಿದು ಫ್ರಿಜ್ಜಿನ ಪಕ್ಕಕ್ಕೆ ಸರಿದರು. ಭಾವೂ ಬಂದರು, ಮಾಪಣ್ಣನವರಿಗೆ ನಮಸ್ಕರಿಸಿದರು, ಮುಖದಲ್ಲೇ ಸಂಸ್ಕಾರ ಕಾಣುತ್ತದೆ ಎಂದರು. ಉಮಾವತಿ ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದ ಸದ್ದು ಹಾಲ್‌ನವರೆಗೆ ಬಂತು.

ಆ ಭೇಟಿಯಲ್ಲೇ ಭಾವೂಗೆ ಇನ್ನೊಂದು ವಿಚಾರ ಹೊಳೆಯಿತು. ಉದ್ಘಾಟನೆಯ ದಿನ ಗುರುವಪ್ಪನವರ ಮನೆಯವರು ಯಾರಾದರೂ ಬೇಕಲ್ಲ? ಬಡವ ಅಂದರೂ ಯಾರೋ ಒಬ್ಬರು ವಾರಸುದಾರರು ಇದ್ದೇ ಇರುತ್ತಾರೆ. ಹುಡುಕಿ ಅಣ್ಣಾ, ನೀವಲ್ಲದೆ ಇನ್ಯಾರು ಹುಡುಕುತ್ತಾರೆ ಎಂದು ತಾರಾನಾಥರ ಭುಜ ತಟ್ಟಿ ಎದ್ದರು.

ಹುಡುಕುವ ಕಷ್ಟ ಬೀಳಲಿಲ್ಲ. ರಮಿತಾಳ ವಾರ್ತೆ ಓದಿಕೊಂಡು ವಾರಸುದಾರರೇ ವಾಶಿಯಿಂದ ಕಾರಿನಲ್ಲಿ ಬಂದಿಳಿದರು. ಚೆನ್ನಯ ಕೋಟ್ಯಾನ್, ವಾಶಿಯ ಮಾರ್ಕೆಟ್ಟಿನ ಹತ್ತಿರ ಹೋಟೆಲು ಇಟ್ಟವರು, ಗುರುವಪ್ಪನವರ ತಂಗಿಯ ಮಗ. ತಾರಾನಾಥರಿಗೆ ಭಾವ. ಗುರುವಪ್ಪನವರು ಮಲಗಿದ್ದಾಗ ಬಾರದವರು, ಹೋದಾಗ ಅರ್ಧ ದಿನ ಬಂದಿದ್ದವರು. ಒಳ್ಳೆಯ ಮನುಷ್ಯರೇ, ಆದರೆ ಎಲ್ಲಿ ಹಾರ ಇದೆಯೋ ಅಲ್ಲಿ ಕುತ್ತಿಗೆ ತಾನಾಗಿ ಬಗ್ಗುವ ಜಾತಿಯವರು. ಎಲ್ಲವನ್ನೂ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಕೂಲಂಕಷವಾಗಿ ಯೋಚಿಸಿದರು.

“ಭಾವಾ, ಹಳೇ ಅಳಿಯಕಟ್ಟಿನ ಪ್ರಕಾರ ನೋಡಿದ್ರೆ ಮಾವನ ವಾರಸು ನಾನೇ ಅಲ್ವಾ? ಸೋದರಳಿಯ. ಕೋಟ್ಯಾನ್. ನಿಮ್ಮ ಬೋರ್ಡಿಗೂ ತೊಂದರೆ ಇಲ್ಲ. ನೀವು ಆ ಕಡೆಯಿಂದ ನಿಸ್ವಾರ್ಥ, ನಾನು ಈ ಕಡೆಯಿಂದ ಕುಟುಂಬ. ಎಲ್ಲ ಸರಿ ಕೂತುಕೊಳ್ತದೆ.”

ಎಲ್ಲವೂ ಸರಿಯಾಗಿಯೇ ಕೂತುಕೊಂಡಿತು. ಆಮಂತ್ರಣದಲ್ಲಿ ಚೆನ್ನಯರ ಹೆಸರು ‘ಕುಟುಂಬದ ಪರವಾಗಿ’ ಎಂದು ಮೇಲೆ ಬಂತು. ತಾರಾನಾಥರ ಹೆಸರು ಪೆಂಡಾಲ್‌ನವರಿಗೂ ಮೈಕ್‌ನವರಿಗೂ ಕೃತಜ್ಞತೆ ಹೇಳುವ ಸಾಲಿನಲ್ಲಿ ಬಂತು.

ನಗಲು ಸಾಕಷ್ಟು ಇದ್ದ ಈ ದಿನಗಳಲ್ಲಿ ರಮಿತಾಳಿಗೆ ನಗು ಬಾರದ ಒಂದು ಸಂಗತಿ ಕಣ್ಣಿಗೆ ಬಿತ್ತು. ಬಾಯಿತಪ್ಪಿ ಹೊರಗೆ ಏನಾದರೂ ಹೊರಟೀತೆಂದು ಅಪ್ಪ ಮನೆಯಲ್ಲೂ ಅಭ್ಯಾಸ ಮಾಡತೊಡಗಿದ್ದರು. ಒಂದು ಬೆಳಗ್ಗೆ ಲೋಟ ಮೂಗಿನ ಹತ್ತಿರ ಹಿಡಿದು, “ಗುರುವಪ್ಪನವರು ಏಲಕ್ಕಿ ಹಾಕಿದರೆ ಬೈಯುತ್ತಿದ್ದರು” ಎಂದರು. ಅಲ್ಲಿ ಇದ್ದದ್ದು ಹೆಂಡತಿ, ಮಗಳು ಮಾತ್ರ. ಹೊರಗಿನವರು ಯಾರೂ ಇರಲಿಲ್ಲ. ಅಮ್ಮ ಕೈಯಲ್ಲಿದ್ದ ಪಾತ್ರೆ ಕುಕ್ಕಲಿಲ್ಲ, ಮೆಲ್ಲಗೆ ಕೆಳಗಿಟ್ಟರು. ಅಪ್ಪ ‘ಅಪ್ಪ’ ಅನ್ನದೆ ಎಷ್ಟು ದಿನವಾಯಿತು ಎಂದು ರಮಿತಾ ಲೆಕ್ಕ ಹಾಕಲು ಹೋಗಿ, ಬೇಡವೆಂದು ಬಿಟ್ಟಳು. ಆ ರಾತ್ರಿ ಡೈರಿಯಲ್ಲಿ ಬರೆಯಲು ಕೂತಳು. ತಾರೀಕು ಮಾತ್ರ ಬರೆದು ಮುಚ್ಚಿದಳು.

ಮರುದಿನ ಅವಳು ಪತ್ರಿಕೆಯ ಸಂಪಾದಕರಾದ ಹುಲಗಪ್ಪ ಮಾಸ್ತರರ ಮನೆಗೆ ಹೋದಳು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕೋಣ ಎಂದು ಹೇಳುವುದಿತ್ತು. ಮಾಸ್ತರರು ಕಲಬುರ್ಗಿಯ ಕಡೆಯವರು, ನಿವೃತ್ತ ಶಿಕ್ಷಕರು. ಬಾಗಿಲಲ್ಲಿ ನಿಂತವಳನ್ನು ಕಂಡು, “ಬಾರವಾ ತಂಗಿ, ಏನ್ ಸುದ್ದಿ ತಂದಿ?” ಎಂದು ಕುರ್ಚಿ ತೋರಿಸಿದರು. ರಮಿತಾ ಕುಳಿತಳು. ಶುಕ್ರವಾರ ನೀರು ಬರುವುದಿಲ್ಲ ಎಂದಳು. ಆಮೇಲೆ, ಶನಿವಾರ ಕೂಡ ಕಡಿಮೆ ಒತ್ತಡದಲ್ಲಿ ಬರುತ್ತದೆ ಎಂದಳು. ಮಾಸ್ತರರು ಮೆಚ್ಚಿಕೊಂಡು, ಇಷ್ಟು ಸ್ಪಷ್ಟ ಹೇಳುವ ಹುಡುಗಿ ಮೈಕಿನ ಮುಂದೆ ನಿಲ್ಲಲೇಬೇಕು, ಉದ್ಘಾಟನೆಯ ದಿನ ಸಂಘದ ಪರವಾಗಿ ಗುರುವಪ್ಪನವರ ಪರಿಚಯ ನೀನೇ ಓದು ಎಂದು ಅಪ್ಪಣೆ ಮಾಡಿದರು. ಒಂದು ಮಾತು ಹೇಳಲು ಬಂದು ಹೇಳಲಾಗದವಳು ಹತ್ತು ನಿಮಿಷದ ಭಾಷಣ ಹೊತ್ತುಕೊಂಡು ಮನೆಗೆ ಹೋದಳು.

ಮನೆಯಲ್ಲಿ ಅವಳು ಅಪ್ಪನ ಹತ್ತಿರ, ಭಾವೂಗೆ ನಿಜ ಹೇಳಿಬಿಡೋಣವಾ ಎಂದು ಕೇಳಿದಳು. ತಾರಾನಾಥರು ಚಪ್ಪಲಿ ಬಿಚ್ಚುತ್ತಾ ಹಾಗೆಯೇ ನಿಂತರು. ಹೇಳಿದರೆ ಅವರು ಬೋರ್ಡು ಕೀಳಿಸುತ್ತಾರೆ, ಶಪಥ ಮಾಡಿದವರು ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, “ಹೆಸರು ಅಲ್ಲಿ ಉಳಿದರೆ ಸಾಕು ಮಗಾ. ಯಾರ ಅಪ್ಪ ಅಂತ ಬೋರ್ಡಿನಲ್ಲಿ ಬರೆಯುವುದಿಲ್ಲವಲ್ಲ” ಎಂದು ಬಚ್ಚಲಿಗೆ ಹೋಗಿ ತುಂಬ ಹೊತ್ತು ಮುಖ ತೊಳೆದರು.

ಉದ್ಘಾಟನೆಯ ಭಾನುವಾರ ಮೂಲೆಯಲ್ಲಿ ಅರ್ಧ ರಸ್ತೆ ಪೆಂಡಾಲಿಗೆ, ಉಳಿದರ್ಧ ಹಾರ್ನು ಬಾರಿಸುವ ರಿಕ್ಷಾಗಳಿಗೆ ಹೋಗಿತ್ತು. ಬೋರ್ಡಿಗೆ ಕೇಸರಿ ಬಟ್ಟೆ ಮುಚ್ಚಿದ್ದರು. ಅದರ ಬುಡದ ಮೇಜಿನಲ್ಲಿ ಗುರುವಪ್ಪನವರ ಫೋಟೋ. ಫ್ರಿಜ್ಜಿನ ಪಕ್ಕದಿಂದ ಬಿಡುಗಡೆಯಾಗಿ ಬಂದು ಬಿಸಿಲು ನೋಡುತ್ತಿತ್ತು. ಚೆನ್ನಯ ಮಾವ ಸಫಾರಿ ಸೂಟಿನಲ್ಲಿ ಮೊದಲ ಸಾಲಿನ ಸೋಫಾದಲ್ಲಿದ್ದರು. ಊರ್ಮಿಳಾ ಕಾಕು ಪೈಠಣಿ ಸೀರೆ ಉಟ್ಟು, ಬಂದವರಿಗೆಲ್ಲ ಮಾನವ ಸಂಬಂಧದ ಕಥೆಯನ್ನು ಮೊದಲಿಂದ ಹೇಳುತ್ತಿದ್ದರು. ಉಮಾವತಿ ಬರುವುದಿಲ್ಲ ಎಂದು ಹಟ ಮಾಡಿ, ಕೊನೆಗೆ ಬಂದು, ಹೆಂಗಸರ ಹಿಂದೆ ಕೊಡೆಯ ಮರೆಯಲ್ಲಿ ನಿಂತಿದ್ದರು. ರಮಿತಾ ಮೈಕಿನ ಪಕ್ಕ ಕಾಗದ ಹಿಡಿದು ನಿಂತಿದ್ದಳು.

ಭಾವೂ ತಡವಾಗಿ ಬಂದು ಬಹಳ ಹೊತ್ತು ಮಾತಾಡಿದರು. ರಸ್ತೆ, ಗಟಾರ, ಬರಲಿರುವ ಚುನಾವಣೆ ಎಲ್ಲ ಸುತ್ತಿ, ತಾರಾನಾಥ ಅಣ್ಣಾನ ಹತ್ತಿರ ಬಂದರು. ಈ ದೇವರಂಥ ಮನುಷ್ಯನಿಗೂ ಗುರುವಪ್ಪನವರಿಗೂ ಕೂದಲೆಳೆಯ ಸಂಬಂಧವಿಲ್ಲ ಎಂದು ಮೂರು ಸಲ ಹೇಳಿದರು. ಮೂರು ಸಲವೂ ಚಪ್ಪಾಳೆ ಬಿತ್ತು. ಬಟ್ಟೆ ಸರಿಯಿತು. ಬಿಳಿ ಬೋರ್ಡಿನ ಮೇಲೆ ನೀಲಿ ಅಕ್ಷರದಲ್ಲಿ ಅಜ್ಜನ ಹೆಸರು ಬಿಸಿಲಿಗೆ ಹೊಳೆಯಿತು.

ಆಮೇಲೆ ಫೋಟೋಗೆ ಹಾರ ಹಾಕುವುದು. ಮೊದಲು ಭಾವೂ. ಆಮೇಲೆ ಕುಟುಂಬದ ಪರವಾಗಿ ಚೆನ್ನಯ ಮಾವ. ಕ್ಯಾಮೆರಾದವನಿಗಾಗಿ ಹಾರವನ್ನು ತೆಗೆದು ಮತ್ತೊಮ್ಮೆ ಹಾಕಿದರು. ಆಮೇಲೆ ಸೊಸೈಟಿಯವರು, ಸಂಘದವರು, ರಿಕ್ಷಾ ಯೂನಿಯನ್ನಿನವರು. ತಾರಾನಾಥರು ಮೊಬೈಲ್ ಅಂಗಡಿಯ ಕಟ್ಟೆಯ ಹತ್ತಿರ ಚಪ್ಪಲಿ ಕಳಚಿಟ್ಟು, ಮನೆಯಿಂದ ತಂದ ಸಣ್ಣದೊಂದು ಅಬ್ಬಲಿಗೆ ಮಾಲೆ ಹಿಡಿದು ಸಾಲಿನ ಬಾಲದಲ್ಲಿ ನಿಂತರು. ದಿನಾ ಸಾಲಿನಲ್ಲಿ ನಿಂತು ರೂಢಿಯಾದ ಮನುಷ್ಯ. ಸಾಲು ಮುಂದೆ ಸರಿದಂತೆ ತಾನೂ ಸರಿಯುತ್ತಾ ಮೇಜಿನ ಹತ್ತಿರ ಬಂದರು. ಅಷ್ಟರಲ್ಲಿ ಭಾವೂ ಕುಟುಂಬದವರೊಡನೆ ಫೋಟೋ ತೆಗೆಸಿಕೊಳ್ಳಲು ಮತ್ತೆ ಬಂದರು. ಜರಿಯ ಶಾಲು ಹೊದ್ದ ಒಬ್ಬ ಕಾರ್ಯಕರ್ತ, ಹೊಸಬ, ಫ್ಲೆಕ್ಸಿನ ಗುಂಡಿಯಷ್ಟು ಮುಖದ ನೆನಪಿಲ್ಲದವನು, ತಾರಾನಾಥರ ಎದೆಗೆ ಅಡ್ಡ ಕೈ ಹಿಡಿದ. ಮೈಕು ಪಕ್ಕದಲ್ಲೇ ಇದ್ದುದರಿಂದ ಅವನ ಹಿಂದಿ ಎಲ್ಲರಿಗೂ ಕೇಳಿಸಿತು.

“ಅಂಕಲ್, ಫ್ಯಾಮಿಲಿ ಫೋಟೋ ಚಲ್ ರಹಾ ಹೈ. ಆಪ್ ಕೌನ್?”

ತಾರಾನಾಥರು ಫೋಟೋದ ಕಡೆ ನೋಡಿದರು. ಬೋರ್ಡಿನ ಕಡೆ ನೋಡಿದರು. ಮಾಲೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

“ಪಬ್ಲಿಕ್,” ಎಂದರು. ಎಂದು ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಚೆನ್ನಯ ಮಾವನ ಮುಖದ ನಗು ಕ್ಯಾಮೆರಾದ ಎದುರಲ್ಲೇ ಎಲ್ಲೋ ಕಳೆದುಹೋಯಿತು. ಹೆಂಗಸರ ಹಿಂದೆ ಒಂದು ಕೊಡೆ ಮಡಚಿಕೊಂಡಿತು. ಹುಲಗಪ್ಪ ಮಾಸ್ತರರು ರಮಿತಾಳ ಕಡೆ ಕೈಸನ್ನೆ ಮಾಡಿದರು, ಓದಲು ಶುರು ಮಾಡೆಂದು. ಅವಳು ಕಾಗದ ನೋಡಿದಳು. ಅದರಲ್ಲಿ ಅಜ್ಜನ ಸರಳತೆ, ಅಜ್ಜನ ಜನಪ್ರೀತಿ, ಅಜ್ಜ ಹುಟ್ಟಿದ ವರ್ಷ ಎಲ್ಲವೂ ಇತ್ತು. ಅವಳು ಅದನ್ನು ಮಡಚಿ ಕೈಯಲ್ಲಿಟ್ಟುಕೊಂಡಳು. ಮೈಕಿನ ಹತ್ತಿರ ಬಾಯಿ ತಂದಾಗ ಅದು ಕುಂಯ್ ಎಂದು ಕೂಗಿತು. ಇಡೀ ಮೂಲೆ, ರಿಕ್ಷಾಗಳ ಸಮೇತ, ಅವಳ ಕಡೆ ತಿರುಗಿತು. ಹಾಗೆ ತಿರುಗಿದ ಮುಖಗಳಲ್ಲಿ ಅವಳು ಒಂದನ್ನೇ ನೋಡಿದಳು. ಆಮೇಲೆ, ಅಲ್ಲಿದ್ದ ಎಲ್ಲರಿಗೂ ತಿಳಿಯುವಂತೆ, ನಿಧಾನವಾದ ಮರಾಠಿಯಲ್ಲಿ ಹೇಳಿದಳು:

“ಅವರು ಪಬ್ಲಿಕ್ ಅಲ್ಲ. ಗುರುವಪ್ಪನವರ ಮಗ.”